ಸತ್ಯಾಂಶ: ಸೇನೆಯ ಕ್ಯಾಮೆರಾಕ್ಕೆ ಗೋಡೆಯಾಚೆ ಕಾಣುತ್ತದೆಯೇ?

ಮಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ವಿಡಿಯೊ ಓಡಾಡುತ್ತಿದೆ. ಕಂಬದ ತುದಿಯಲ್ಲಿ ಕ್ಯಾಮೆರಾ ಏರಿಸಿಕೊಂಡ ಸೇನಾ ವಾಹನ. ಜತೆಗೆ ‘ಇದು ಮನೆಯೊಳಗೆ ಮಲಗಿದವರನ್ನೂ ತೋರಿಸುತ್ತದೆ’ ಎಂಬ ಒಕ್ಕಣೆ. ಇದು ನಿಜವಲ್ಲ. ವಯಸ್ಸಾದವರು ಓದಿ ಗಾಬರಿಯಾಗುವುದು ಬೇಡ.

ಇಂಥ ಬೇಹು ವಾಹನಗಳ ಕೆಲಸ ಶತ್ರುವಿನ ಕಣ್ಣಿಗೆ ಬೀಳದೆ ನೋಡುವುದು. ಜರ್ಮನಿ ಮತ್ತು ನೆದರ್ಲೆಂಡ್ಸ್ ಸೇನೆಗಳ ಫೆನೆಕ್ ವಾಹನವನ್ನೇ ನೋಡಿ: ತಾನು ದಿಬ್ಬದ ಹಿಂದೆ ನಿಂತು ಕಂಬವನ್ನಷ್ಟೇ ಮೇಲೆತ್ತುತ್ತದೆ. ಅದರ ತುದಿಯಲ್ಲಿ ಹಗಲಿನ ಕ್ಯಾಮೆರಾ, ಥರ್ಮಲ್ ಕ್ಯಾಮೆರಾ, ದೂರ ಅಳೆಯುವ ಲೇಸರ್ ಇರುತ್ತವೆ.

ಗೊಂದಲವೆಲ್ಲ ಥರ್ಮಲ್ ಕ್ಯಾಮೆರಾದ್ದು. ವಸ್ತುಗಳು ಹೊಮ್ಮಿಸುವ ಅವಗೆಂಪು (ಶಾಖದ) ಕಿರಣಗಳನ್ನು, ಹೆಚ್ಚಾಗಿ 8ರಿಂದ 12 ಮೈಕ್ರೋಮೀಟರ್ ತರಂಗಾಂತರದವನ್ನು, ಅದು ಹಿಡಿಯುತ್ತದೆ. ಈ ಕಿರಣಗಳು ನಮ್ಮ ಮುರಕಲ್ಲಿನ ಗೋಡೆ ದಾಟುವುದಿಲ್ಲ. ಕ್ಯಾಮೆರಾಕ್ಕೆ ಕಾಣುವುದು ಬಿಸಿಲಿಗೆ ಕಾದ ಗೋಡೆಯ ಹೊರಮೈ ಮಾತ್ರ. ಅಷ್ಟೇಕೆ, ಕಿಟಕಿಯ ಸಾಮಾನ್ಯ ಗಾಜನ್ನೂ ಅವು ದಾಟವು! ಆದ್ದರಿಂದಲೇ ಈ ಕ್ಯಾಮೆರಾಗಳ ಮಸೂರವನ್ನು ಹೆಚ್ಚಾಗಿ ಈ ಕಿರಣಗಳನ್ನು ಹಾಯಗೊಡುವ ಜರ್ಮೇನಿಯಂ ಎಂಬ ಧಾತುವಿನಿಂದ ಮಾಡುತ್ತಾರೆ. ಕರಾವಳಿಯ ಆಟಿ ತಿಂಗಳಿನಂಥ ಜಡಿಮಳೆಯಲ್ಲಿ ಅದರ ನೋಟದ ದೂರವೂ ಕುಗ್ಗುತ್ತದೆ.

ಗೋಡೆಯಾಚೆಯ ಚಲನೆ ಗುರುತಿಸುವ ರಾಡಾರ್‌ಗಳು ಇರುವುದು ಹೌದು. ಅವು ಬೇರೆಯೇ ಉಪಕರಣಗಳು, ರೇಡಿಯೊ ತರಂಗ ಬಳಸುತ್ತವೆ, ಹತ್ತಿರದಿಂದಷ್ಟೇ ಕೆಲಸ ಮಾಡುತ್ತವೆ. ಮುಖ ಗುರುತಿಸುವಂಥ ಚಿತ್ರ ಅವುಗಳಿಂದಲೂ ಸಿಗುವುದಿಲ್ಲ.