ಲೈಬ್ರರಿಯಲ್ಲಿ ವಂಶಾವಳಿ ಪ್ರಿಂಟ್ ಕೊಡಲ್ಲ

'ಅಡ್ಡಹೆಸರು ಹೇಳಿದರೆ ಸಾಕು, ಜಿಲ್ಲಾ ಲೈಬ್ರರಿಯಲ್ಲಿ ಏಳು ತಲೆಮಾರಿನ ವಂಶಾವಳಿ ಪ್ರಿಂಟ್ ತೆಗೆದು ಕೊಡ್ತಾರೆ' ಅಂತ ವಿಜಯಪುರ, ಬಾಗಲಕೋಟೆ ಕಡೆ ಒಂದು ಮೆಸೇಜು ಓಡಾಡ್ತಿದೆ. ಇದು ಸುಳ್ಳು. ಸುಮ್ನೆ ಬಸ್ ಚಾರ್ಜ್ ಹಾಳು ಮಾಡ್ಕೋಬೇಡಿ.

ಲೈಬ್ರರಿಯಲ್ಲಿ ಕೇಳಬೇಕಾದದ್ದು ಗೆಜೆಟಿಯರ್, ಅಂದ್ರೆ ಜಿಲ್ಲೆಯ ವಿವರ ಬರೆದಿಟ್ಟ ಸರ್ಕಾರಿ ಪುಸ್ತಕ. ಮುಂಬೈ ಪ್ರಾಂತ್ಯದ ಕಾಲದ ಬಿಜಾಪುರ (ಈಗಿನ ವಿಜಯಪುರ) ಸಂಪುಟ 1884ರದು. ಅದರಲ್ಲಿ ಊರು, ಕೆರೆ, ಬರ, ಸಂತೆ, ಜಾತಿಗಳ ವಿವರ ಇದೆ, ನಿಮ್ಮ ಮುತ್ತಜ್ಜನ ಹೆಸರು ಇರಲ್ಲ. ಬಾಗಲಕೋಟೆಯವರೂ ಇದನ್ನೇ ನೋಡಬೇಕು, ಯಾಕಂದ್ರೆ ಆ ಜಿಲ್ಲೆ ಬೇರೆಯಾಗಿದ್ದೇ 1997ರಲ್ಲಿ. ಹಳೇ ಕಾಗದದಲ್ಲಿ 'ಕಲಾದಗಿ ಜಿಲ್ಲೆ' ಅಂತ ಕಂಡರೆ ಗಾಬರಿಯಾಗಬೇಡಿ, ಅದೂ ಇದೇ ಜಿಲ್ಲೆ, ಮೊದಲು ಕಲಾದಗಿಯೇ ಜಿಲ್ಲಾ ಕೇಂದ್ರವಾಗಿತ್ತು.

ಹೆಸರು ಬೇಕಾ? ಮನೆಮನೆಗೆ ಬಂದು ವಂಶಾವಳಿ ಓದಿ ಹೇಳುವ ಹೆಳವರನ್ನು ಕೇಳಿ. ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಬಂದವರು ಕಟ್ಟೆ ಮೇಲೆ ಕೂತು, ಬಟ್ಟೆ ಸುತ್ತಿದ ದಪ್ಪ ಪುಸ್ತಕ ಬಿಚ್ಚಿ, ಅಜ್ಜನ ಅಜ್ಜ ಯಾವ ಊರು ಬಿಟ್ಟು ಬಂದ, ಅವನಿಗೆ ಎಷ್ಟು ಮಕ್ಕಳು ಅಂತ ಒಂದೇ ಉಸಿರಿಗೆ ಓದಿದರು. ನಮ್ಮವ್ವ ಒಂದು ಮೊರ ಜೋಳ ಹಾಕಿ, ಹೊಸದಾಗಿ ಹುಟ್ಟಿದ ಮೊಮ್ಮಗನ ಹೆಸರನ್ನೂ ಬರೆಸಿದಳು. ಇಂಥದ್ದು ಯಾವ ಕಪಾಟಿನಲ್ಲಿ ಸಿಗಬೇಕು ಹೇಳಿ!

ಹಳೇ ಉತಾರ, ಅಂದ್ರೆ ಹೊಲದ ಪಹಣಿ ಬೇಕಿದ್ರೆ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ. ಬೆಳಗಾವಿ ಕಡೆಯ ಎಷ್ಟೋ ಹಳೇ ದಾಖಲೆ ಮೋಡಿ ಲಿಪಿಯಲ್ಲಿ, ಅಂದ್ರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿವೆ, ಅದನ್ನು ಓದುವವರನ್ನು ಹುಡುಕೋದೇ ಜಾಸ್ತಿ ಕೆಲಸ.

ಇನ್ನು ಆಸ್ತಿ ವಾಟ್ಣಿಗೆ (ಪಾಲು ಮಾಡ್ಕೊಳ್ಳೋದಕ್ಕೆ) ಬೇಕಾದ ವಂಶವೃಕ್ಷ ಬೇರೆ. ಅದಕ್ಕೆ ಅರ್ಜಿ ಹಾಕೋದು ನಾಡಕಚೇರಿಯಲ್ಲಿ.