ಸೊನ್ನೆ ಅಂತ ಬರೆದವರು ಯಾರು?

ನಿನ್ನೆ ರಾತ್ರಿ ನಮ್ಮ ಹಳೇ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ಪಟ್ಟಿಯಲ್ಲಿ ಭಾರತ 133ರಿಂದ 130ಕ್ಕೆ ಏರಿದೆ ಅಂತ. ಕೆಳಗೆ ಸಾಲು ಸಾಲು ಚಪ್ಪಾಳೆ. ಇವತ್ತು ಬೆಳಿಗ್ಗೆ ಹಾಲು ತರಲು ಹೋದರೆ ನಮ್ಮ ಅಡ್ಡರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ತೆಗೆದಿದ್ದರು. ಒಬ್ಬ ಹುಡುಗ ಎದೆಯವರೆಗೆ ಒಳಗೆ ಇಳಿದಿದ್ದ. ಮೈಮೇಲೆ ಚಡ್ಡಿ ಬಿಟ್ಟರೆ ಏನೂ ಇಲ್ಲ. ಮೇಲೆ ನಿಂತಿದ್ದ ಮೇಸ್ತ್ರಿಯನ್ನು "ಮಷಿನ್ ಇಲ್ವೇನಪ್ಪಾ?" ಅಂತ ಕೇಳಿದೆ. "ಗಾಡಿ ಈ ಗಲ್ಲಿಯೊಳಗೆ ಬರಲ್ಲ ಸಾರ್, ಐದು ನಿಮಿಷದ ಕೆಲಸ" ಅಂದ. ಜಗಳ ಮಾಡಿ ಹುಡುಗನನ್ನು ಮೇಲೆ ಹತ್ತಿಸಿದೆ. ಇನ್ನೂ ಮೈ ನಡುಗುತ್ತಿದೆ. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಆ ಪಟ್ಟಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತಲಾ ಆದಾಯ ಒಂದನ್ನೇ ಹಿಡಿದು ದೇಶಗಳನ್ನು ಅಳೆಯುತ್ತಿದ್ದ ಕಾಲದಲ್ಲಿ ಮಹಬೂಬ್ ಉಲ್ ಹಕ್ ಮತ್ತು ಅಮರ್ತ್ಯ ಸೇನ್ ಅವರಂಥವರು ಆಯಸ್ಸು, ಓದು, ಆದಾಯ ಮೂರನ್ನೂ ಸೇರಿಸಿ 1990ರಲ್ಲಿ ಈ ಅಳತೆ ತಂದರು. ಆಗ ನಮ್ಮ ಸರಾಸರಿ ಆಯಸ್ಸು 58.6 ವರ್ಷ. ಈಗ 72. ಇದು ಸಣ್ಣ ಮಾತಲ್ಲ, ಖುಷಿ ಪಡಬೇಕಾದ್ದೇ. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ಅಸಮಾನತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮ ಅಂಕ ನೂರಕ್ಕೆ 30ರಷ್ಟು ಇಳಿಯುತ್ತದೆ. ಅದನ್ನು ಗುಂಪಿಗೆ ಯಾರೂ ಕಳಿಸಲಿಲ್ಲ. ಇರಲಿ, ಅದೂ ಸರಾಸರಿಯ ಲೆಕ್ಕವೇ. ಚಡ್ಡಿಯಲ್ಲಿ ಗುಂಡಿಗೆ ಇಳಿದ ಆ ಹುಡುಗ ಈ ಯಾವ ಅಂಕಿಯಲ್ಲಿ ಸಿಗುತ್ತಾನೆ? ನನ್ನ ತಕರಾರು ಇಷ್ಟೇ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಒಂದು ಉತ್ತರ ಕೊಟ್ಟಿತು. ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ ಅಂತ. ಅಂದರೆ ಸೊನ್ನೆ. ಎರಡು ವರ್ಷ ಕಳೆದ ಮೇಲೆ ಅದೇ ಸರ್ಕಾರ ಲೋಕಸಭೆಗೆ ಹೇಳಿದ್ದು, ಐದು ವರ್ಷದಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡುವಾಗ 339 ಜನ ಸತ್ತಿದ್ದಾರೆ ಅಂತ. ಎರಡೂ ಸರ್ಕಾರದ್ದೇ ಉತ್ತರ. ಎರಡೂ ಹೇಗೆ ನಿಲ್ಲುತ್ತವೆ ಅಂದರೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಇವು ಎರಡು ಬೇರೆ ಬೇರೆ ಕಲಂ. ಹಳೇ ಕಾಲದ ಒಣ ಕಕ್ಕಸನ್ನು ಬಳಿಯುವವರು ಒಂದು ಕಡೆ. ಮ್ಯಾನ್‌ಹೋಲ್‌ಗೆ ಇಳಿಯುವವರದ್ದು "ಅಪಾಯಕಾರಿ ಸ್ವಚ್ಛತೆ" ಅಂತ ಇನ್ನೊಂದು ಕಡೆ. ಸರ್ಕಾರ ಹೇಳಿದ ಸಲಕರಣೆ, ಗ್ಲೌಸು ಕೊಟ್ಟುಬಿಟ್ಟರೆ ಮಲ ತೆಗೆಯುವವನನ್ನೂ ಮಲ ಹೊರುವವರ ಪಟ್ಟಿಗೆ ಸೇರಿಸಬೇಕಿಲ್ಲ. ಸತ್ತವನ ಹೆಂಡತಿಗೆ ಈ ವ್ಯತ್ಯಾಸ ಯಾರು ಹೋಗಿ ಹೇಳುತ್ತಾರೆ?

ನಾನು 2011ರ ಜನಗಣತಿಗೆ ಮನೆಮನೆ ತಿರುಗಿದವನು, ನಿಮಗೆ ಗೊತ್ತೇ ಇದೆ. ಮನೆಪಟ್ಟಿಯಲ್ಲಿ ಕಕ್ಕಸಿನ ಪ್ರಶ್ನೆ ಇತ್ತು. ಮಲವನ್ನು ಮನುಷ್ಯರು ತೆಗೆಯುತ್ತಾರಾ ಅನ್ನೋದಕ್ಕೂ ಫಾರಂನಲ್ಲಿ ಒಂದು ಕೋಡ್ ಸಂಖ್ಯೆ ಇತ್ತು. ಅದನ್ನು ಕೇಳುವಾಗ ನನ್ನ ನಾಲಿಗೆ ತಡವರಿಸುತ್ತಿತ್ತು. ಇಡೀ ದೇಶದಲ್ಲಿ ಅಂಥವು 7.94 ಲಕ್ಷ ಕಕ್ಕಸು ಅಂತ ಲೆಕ್ಕ ಬಂತು. ಅದೇ ಹೊತ್ತಿನ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಈ ಕೆಲಸ ಮಾಡುವ ಸುಮಾರು 1.8 ಲಕ್ಷ ಗ್ರಾಮೀಣ ಕುಟುಂಬ ಸಿಕ್ಕವು. ಆಮೇಲೆ ಕಾಯ್ದೆ ಬಂತು, 2013 ಮತ್ತು 2018ರಲ್ಲಿ ಸಮೀಕ್ಷೆಗಳು ನಡೆದವು. ಎರಡೂ ಸೇರಿ ಗುರುತಿಸಿದ್ದು 58,098 ಜನರನ್ನು. ಉಳಿದವರು ಎಲ್ಲಿ ಹೋದರು?

ಕಾಯ್ದೆ ಪ್ರಕಾರ ಪಟ್ಟಿ ಮಾಡಬೇಕಾದ್ದು ಸ್ಥಳೀಯ ಸಂಸ್ಥೆ. ಊರಿನ ಕೊಳಚೆ ತೆಗೆಸುವ ಹೊಣೆಯೂ ಅದರದ್ದೇ. ಚರಂಡಿಗೆ ಯಾರನ್ನಾದರೂ ರಕ್ಷಣೆಯ ಸಲಕರಣೆ ಇಲ್ಲದೆ ಇಳಿಸಿದ್ದು ಸಾಬೀತಾದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಹೀಗಿರುವಾಗ ಯಾವ ಅಧಿಕಾರಿ "ನಮ್ಮಲ್ಲಿ ಇದ್ದಾರೆ" ಅಂತ ಬರೆದುಕೊಡುತ್ತಾನೆ? ಪರೀಕ್ಷೆ ಬರೆದ ಹುಡುಗನ ಕೈಗೇ ಉತ್ತರ ಪತ್ರಿಕೆ ತಿದ್ದಲು ಕೊಟ್ಟ ಹಾಗಾಯ್ತು. ಜಿಲ್ಲೆಗಳು ಒಂದಾದ ಮೇಲೊಂದು "ನಮ್ಮಲ್ಲಿ ಈ ಪದ್ಧತಿ ಇಲ್ಲ" ಅಂತ ತಾವೇ ಘೋಷಿಸಿಕೊಂಡಿವೆ. ದೆಹಲಿಯಲ್ಲಿ ಅದನ್ನೆಲ್ಲ ಕೂಡಿಸಿ ಪ್ರಗತಿ ಅನ್ನುತ್ತಾರೆ.

ಗುಂಪಿನಲ್ಲಿ ಒಬ್ಬರು ಹೇಳಿದರು, "ಕೋಟಿಗಟ್ಟಲೆ ಶೌಚಾಲಯ ಕಟ್ಟಿದ್ದಾರೆ, ಮಷಿನ್ ಬಂದಿದೆ, ಒಳ್ಳೆಯದನ್ನೂ ನೋಡಬೇಕು ಅಲ್ವಾ?" ನೋಡುತ್ತೇನೆ ಸಾರ್. ಬಯಲಿಗೆ ಹೋಗುತ್ತಿದ್ದ ಹೆಣ್ಣುಮಕ್ಕಳಿಗೆ ಬಾಗಿಲಿರುವ ಕೋಣೆ ಸಿಕ್ಕಿದ್ದು ದೊಡ್ಡದು. ಆದರೆ ಕಟ್ಟಿದ ಶೌಚಾಲಯದ ಗುಂಡಿ ಒಂದು ದಿನ ತುಂಬುತ್ತದೆ. ತುಂಬಿದಾಗ ಯಾರನ್ನು ಕರೆಯುತ್ತಾರೆ? ಕೇಂದ್ರದ ನಮಸ್ತೆ ಯೋಜನೆಯಲ್ಲಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕೆಲಸಗಾರರ ವಿವರ ತೆಗೆದರು. ಮೊದಲ 38 ಸಾವಿರ ಜನರಲ್ಲಿ ನೂರಕ್ಕೆ ಸುಮಾರು 69 ಮಂದಿ ಪರಿಶಿಷ್ಟ ಜಾತಿಯವರು. ಶೌಚಾಲಯ ಹೊಸದು, ಇಳಿಯುವ ಜಾತಿ ಹಳೆಯದೇ. ಇದನ್ನು ಬಿಟ್ಟು ಶೌಚಾಲಯ ಮಾತ್ರ ಎಣಿಸಿದರೆ ಅದು ಇಟ್ಟಿಗೆ ಸಿಮೆಂಟಿನ ಲೆಕ್ಕ.

ನಮ್ಮ ರಾಜ್ಯಕ್ಕೆ ಇದು ಹೊಸ ವಿಷಯವೂ ಅಲ್ಲ. 1970ರ ದಶಕದ ಮೊದಲಲ್ಲೇ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಮೊದಲ ಕಾಯ್ದೆ ಬಂದದ್ದು 1993ರಲ್ಲಿ. ಅದಾಗಿ 17 ವರ್ಷ ಕಳೆದ ಮೇಲೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಕೆಲಸದ ಭಂಗಿ ಸಮುದಾಯದವರು ತಮ್ಮನ್ನು ಮನೆಯಿಂದ ಎಬ್ಬಿಸುತ್ತಾರೆ ಅಂತ ಮೈಮೇಲೆ ಮಲ ಸುರಿದುಕೊಂಡರು. ಆ ಫೋಟೋ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಅವರು ಹಾಗೆ ಮಾಡದೇ ಇದ್ದಿದ್ದರೆ ಅವರು ಇದ್ದಾರೆ ಅಂತ ಎಷ್ಟು ಜನಕ್ಕೆ ಗೊತ್ತಾಗುತ್ತಿತ್ತು? ಕೆಜಿಎಫ್‌ನಲ್ಲಿ ಇದೇ ಕೆಲಸದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಸಫಾಯಿ ಕರ್ಮಚಾರಿ ಆಂದೋಲನ ಕೋರ್ಟಿಗೆ ಹೋಗಿದ್ದಕ್ಕೇ 2014ರಲ್ಲಿ ಸುಪ್ರೀಂ ಕೋರ್ಟ್, 1993ರಿಂದ ಹೀಗೆ ಸತ್ತ ಎಲ್ಲರ ಕುಟುಂಬವನ್ನೂ ಹುಡುಕಿ 10 ಲಕ್ಷ ಕೊಡಿ ಅಂದಿತು. 2023ರಲ್ಲಿ ಅದು 30 ಲಕ್ಷ ಆಯ್ತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಚರಂಡಿಗೆ ಇಳಿಸಲೇಬೇಡಿ ಅಂತ ಕೋರ್ಟ್ ಹೇಳಿತು.

ಮಾನವ ಹಕ್ಕನ್ನು ಅಳೆಯೋಕೆ ಆಗಲ್ಲ, ಅದು ಭಾವನೆಯ ವಿಷಯ ಅನ್ನುವವರಿಗೆ ನನ್ನ ಉತ್ತರ ಇದು. ಖಂಡಿತ ಅಳೆಯಬಹುದು. ಎಷ್ಟು ಜನ ಗುಂಡಿಯಲ್ಲಿ ಸತ್ತರು, ಎಷ್ಟು ಮನೆಗೆ 30 ಲಕ್ಷ ತಲುಪಿತು, ಎಷ್ಟು ಕೇಸು ದಾಖಲಾಯ್ತು, ಇಳಿಸಿದವರಲ್ಲಿ ಎಷ್ಟು ಜನಕ್ಕೆ ಶಿಕ್ಷೆ ಆಯ್ತು, ಸತ್ತವರ ಮಕ್ಕಳು ಈಗ ಯಾವ ತರಗತಿಯಲ್ಲಿ ಓದುತ್ತಿದ್ದಾರೆ. ಎಲ್ಲವೂ ಅಂಕಿಗಳೇ. ಪ್ರತಿ ತಾಲ್ಲೂಕಿನದ್ದೂ ಪ್ರತಿ ವರ್ಷ ಪ್ರಕಟವಾಗಲಿ. ಎಣಿಸುವವರು ಆ ಸ್ಥಳೀಯ ಸಂಸ್ಥೆಯ ಕಚೇರಿಯವರಾಗಿರಬಾರದು. ಕೆಲಸಗಾರರ ಸಂಘದವರು ಜೊತೆಯಲ್ಲಿ ಕೂತಿರಬೇಕು. 2027ರ ಜನಗಣತಿಗೆ ಮತ್ತೆ ನಮ್ಮ ಮೇಷ್ಟ್ರುಗಳೇ ಮನೆಮನೆಗೆ ಹೋಗುತ್ತಾರೆ. ಗುಂಪಿನಲ್ಲಿ ಚಪ್ಪಾಳೆ ತಟ್ಟಿದವರಲ್ಲೂ ಕೆಲವರು ಹೋಗುತ್ತೀರಿ. ಕಕ್ಕಸಿನ ಪ್ರಶ್ನೆ ಬಂದಾಗ ಗುಂಡಿ ತುಂಬಿದರೆ ಯಾರು ಬರುತ್ತಾರೆ ಅಂತ ಆ ಮನೆಯವರನ್ನು ಒಂದು ಮಾತು ಕೇಳಿ, ದಯವಿಟ್ಟು. ಫಾರಂನಲ್ಲಿ ಜಾಗ ಇಲ್ಲದಿದ್ದರೂ ಕೇಳಿ.