ಹೈಕೋರ್ಟ್ ಒಂದೇ ದಾರಿಯಲ್ಲ

ಕೆಲಸದ ಜಾಗದಲ್ಲಿ ಅನುಕೂಲ ಮಾಡಿಕೊಡಿ ಎಂಬ ಕೋರಿಕೆಯನ್ನು ಸ್ಥಳೀಯ ಸಂಸ್ಥೆ ತಿರಸ್ಕರಿಸಿದರೆ ಅಂಗವಿಕಲ ನೌಕರನಿಗೆ ಉಳಿಯುವುದು ಹೈಕೋರ್ಟ್ ಒಂದೇ ಎಂದು ಈ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು. ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ನಡೆಯಬೇಕು. ಅಲ್ಲಿ ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಯಿದೆ, ರಾಜ್ಯ ಆಯುಕ್ತರಿದ್ದಾರೆ. ವಕೀಲರ ಶುಲ್ಕವಿಲ್ಲದೆ ಇಷ್ಟು ಮೆಟ್ಟಿಲು ಹತ್ತಬಹುದು. (ಮೆಟ್ಟಿಲು ಎಂಬ ಮಾತಿಗೆ ನನಗೇ ನಗು ಬರುತ್ತದೆ.)

ನಾನು ಪುರಸಭೆಯೊಂದರ ನೌಕರ, ಎಡಗಾಲಿಗೆ ಪೋಲಿಯೊ. ಮೊದಲ ಮಹಡಿಯಲ್ಲಿದ್ದ ನನ್ನ ಮೇಜನ್ನು ಕೆಳಗೆ ಹಾಕಿಕೊಡಿ ಎಂದು ಕೇಳಿದ್ದೆ. 'ಸ್ಥಳಾವಕಾಶವಿಲ್ಲ' ಎಂದು ಬಾಯಿಮಾತಿನಲ್ಲೇ ಸಾಗಹಾಕಿದರು. ಕೆಳಗಿನ ಕೋಣೆಯಲ್ಲಿ ಮುರಿದ ಕುರ್ಚಿಗಳಿಗೂ ಹಳೆಯ ಫ್ಲೆಕ್ಸ್ ಸುರುಳಿಗಳಿಗೂ ಧಾರಾಳವಾಗಿ ಜಾಗವಿತ್ತು! ಲಿಖಿತ ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರ, ಪಡೆಯಲು ಮೂರು ಅರ್ಜಿ ಬರೆಯಬೇಕಾಯಿತು. ಅದು ಕೈಗೆ ಬಂದಮೇಲೆಯೇ ಮೇಲ್ಮನವಿಗೆ ಜೀವ ಬಂದದ್ದು, ಏಕೆಂದರೆ ಅನುಕೂಲ ಮಾಡಿಕೊಡದಿರಲು ಕಾಯ್ದೆ ವಿನಾಯಿತಿ ಕೊಡುವುದು ಅದು ಸಂಸ್ಥೆಗೆ ವಿಪರೀತ ಹೊರೆಯಾದಾಗ. ಒಂದು ಮೇಜನ್ನು ಇಳಿಸುವುದು ಯಾವ ಹೊರೆ ಎಂದು ಅವರು ಬರವಣಿಗೆಯಲ್ಲಿ ವಿವರಿಸಲಾಗಲಿಲ್ಲ. ಲೇಖಕರು ಈ ಹಿಂಬರಹದ ವಿಷಯವನ್ನೇ ಬಿಟ್ಟಿದ್ದಾರೆ.